ಡಾಕ್ಟರರ ಜೀಪಿಗೆ ಬೋಟಿನ ಇಂಜಿನ್

ಗ್ಯಾರೇಜು ಇಟ್ಟವನು ನಗಲು ಬೇರೆ ಕಡೆ ಹೋಗಬೇಕಾಗಿಲ್ಲ. ಕೆಟ್ಟ ಗಾಡಿ, ಅದನ್ನು ನಂಬಿದ ಮನುಷ್ಯ, ಎರಡೂ ಒಟ್ಟಿಗೇ ಬಾಗಿಲಿಗೆ ಬರುತ್ತವೆ. ಬಿ.ಸಿ.ರೋಡಿನಲ್ಲಿ ಬಹಳ ವರ್ಷ ಸ್ಪ್ಯಾನರ್ ಹಿಡಿದ ನನ್ನ ಬಳಿ ಅಂಥ ಕಥೆಗಳು ಬೇಕಾದಷ್ಟಿವೆ. ಆದರೆ ಒಂದೇ ಬೇಸಗೆಯಲ್ಲಿ ನನ್ನನ್ನು ಇಷ್ಟು ಸಲ ನಗಿಸಿ, ಕೊನೆಗೊಮ್ಮೆ ಅಳಿಸಿದ್ದು ಡಾಕ್ಟರರೊಬ್ಬರ ಜೀಪು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು ಇದು.

೧. ದೂಡಿದರೆ ಜ್ವರ ಬಿಡುತ್ತದೆ

ಬೆಳ್ತಂಗಡಿಯಿಂದ ಮೇಲೆ, ಘಾಟಿಯ ಬುಡದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮದ್ದು ಕೊಡುತ್ತಿದ್ದವರು ಆ ಡಾಕ್ಟರರೊಬ್ಬರೇ. ಅವರದ್ದು ಮಿಲಿಟರಿಯವರು ಬಿಟ್ಟುಹೋದ ಕಾಲದ ಪೆಟ್ರೋಲ್ ಜೀಪು. ಇಪ್ಪತ್ತು ವರ್ಷ ಓಡಿಸಿ ಅದರ ಇಂಜಿನ್ ಸೋತು ಸುಣ್ಣವಾಗಿತ್ತು. ಏರು ಬಂದರೆ ಒಳಗಿದ್ದವರೆಲ್ಲ ಇಳಿದು ದೂಡಬೇಕು.

"ಮೊನ್ನೆ ಜ್ವರದವನೇ ಇಳಿದು ದೂಡಿದ ಮೇಸ್ತ್ರಿ. ಮೇಲೆ ಮುಟ್ಟುವಾಗ ಬೆವರಿ ಜ್ವರ ಬಿಟ್ಟಿತ್ತು" ಎಂದರು ಡಾಕ್ಟರರು. ಹೇಳುವಾಗ ಅವರು ನಗಲಿಲ್ಲ. "ಇದಕ್ಕೆ ಡೀಸೆಲ್ ಇಂಜಿನ್ ಕೂರಿಸಿ ಕೊಡ್ತೀರಾ? ಆಗುವುದಿಲ್ಲ ಎಂದಾದರೆ ನಾನು ಮನೆಗಳಿಗೆ ಹೋಗುವುದನ್ನು ಬಿಡ್ತೇನೆ. ನಡೆಯಲು ಕಾಲು ಮೊದಲಿನ ಹಾಗೆ ಇಲ್ಲ."

ಅವರು ಮನೆಗಳಿಗೆ ಹೋಗುವುದನ್ನು ಬಿಟ್ಟರೆ ನನಗೇ ಆಪತ್ತು. ಕಾರಣ ಇತ್ತು. ಮದುವೆಯಾಗಿ ಎಂಟು ವರ್ಷದ ಮೇಲೆ ನನ್ನ ಹೆಂಡತಿ ಬಸುರಿಯಾಗಿದ್ದಳು. ಏಳನೇ ತಿಂಗಳ ಬಯಕೆಯ ಶಾಸ್ತ್ರ ಮುಗಿಸಿ ತಾಯಿಮನೆಗೆ ಹೋಗಿದ್ದಳು. ಆ ಮನೆ ಇದ್ದದ್ದು ಇದೇ ಡಾಕ್ಟರರ ಹಳ್ಳಿಯಿಂದ ಇನ್ನೂ ಮೇಲೆ, ನೀರು ಹರಿಯುವ ಎರಡು ತೋಡು ದಾಟಿ, ಒಂದು ಕಡಿದಾದ ಏರಿನ ತುದಿಯಲ್ಲಿ. ಅಲ್ಲಿಗೆ ಹತ್ತಬಲ್ಲ ಗಾಡಿ ಬೇರೆ ಇರಲಿಲ್ಲ. ಹೋಗಲು ಒಪ್ಪುವ ಡಾಕ್ಟರರಂತೂ ಇರಲೇ ಇಲ್ಲ.

"ಮಾಡ್ತೇನೆ ಡಾಕ್ಟ್ರೆ" ಎಂದೆ.

"ಮುಂಚೆ ಮಾಡಿ ಅಭ್ಯಾಸ ಉಂಟಾ?"

"ನಾಲ್ಕು ಜೀಪಿಗೆ ಮಾಡಿದ್ದೇನೆ."

ಆ ನಾಲ್ಕು ಜೀಪು ಯಾವುವು ಎಂದು ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ.

೨. ಅಮ್ಮನ ಬೋಗುಣಿ

ಇಂಜಿನ್ ಸಿಕ್ಕಿದ್ದು ಮಂಗಳೂರಿನ ಬಂದರಿನಲ್ಲಿ. ಹುಟ್ಟಿನಲ್ಲಿ ಯಾವುದೋ ಟೆಂಪೊದ ಇಂಜಿನ್. ಆಮೇಲೆ ಕೆಲವು ವರ್ಷ ಮೀನಿನ ಬೋಟಿನಲ್ಲಿ ದುಡಿದಿತ್ತು. ಬಿಚ್ಚಿ ನೋಡಿದೆ, ಒಳಗೆ ಗಟ್ಟಿ ಇತ್ತು. ಜೀಪಿನ ಗೇರ್‌ಬಾಕ್ಸಿಗೆ ಅದು ಹೊಂದಲಿಲ್ಲ. ಎರಡರ ನಡುವೆ ಕೂರಿಸಲು ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಮಾಡಿಸಿದೆ. ಮೂರು ಸಲ ಮಾಡಿಸಿದೆ ಎನ್ನುವುದು ಸತ್ಯ. ಮೂರನೆಯದು ಸರಿಯಾಗಿ ಕೂತಿತು.

ಆದರೆ ಬಾನೆಟ್ ಮುಚ್ಚಲಿಲ್ಲ. ಹೊಸ ಇಂಜಿನ್ ಒಂದು ಗೇಣು ಎತ್ತರ. ಬಾನೆಟ್ಟಿಗೆ ತೂತು ಕೊರೆದೆ. ಇಂಜಿನಿನ ತಲೆ ಹೊರಗೆ ಬಂದು ಇಣುಕಿತು. ಮಳೆ ಬಂದರೆ ಏನು ಗತಿ ಎಂದು ನಾನು ಯೋಚಿಸುತ್ತಿರುವಾಗ ಡಾಕ್ಟರರ ಹೆಂಡತಿ, ನಾವೆಲ್ಲ ಅಮ್ಮ ಎಂದು ಕರೆಯುತ್ತಿದ್ದವರು, ಜೀಪನ್ನು ನೋಡಲು ಬಂದರು. ತೂತನ್ನು ನೋಡಿದರು, ಗೇಣಿನಲ್ಲಿ ಅಳೆದರು, ಬಸ್ಸು ಹತ್ತಿ ಹೋದರು. ಮರುದಿನ ಬಸ್ಸಿನಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಬೋಗುಣಿ ಬಂತು. ಕವುಚಿ ಹಾಕಿ ನಾಲ್ಕು ಬೋಲ್ಟ್ ಬಿಗಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಡಾಕ್ಟರರು ಸುತ್ತ ತಿರುಗಿ ನೋಡಿ, "ಇದರಲ್ಲಿ ಅಲ್ವಾ ಅವಳು ಪಾಯಸ ಮಾಡುವುದು?" ಎಂದರು. ಆ ವರ್ಷ ಅವರ ಮನೆಯಲ್ಲಿ ಹಬ್ಬಕ್ಕೆ ಬರೀ ಕಡುಬು.

೩. ಮೂಡುಬಿದಿರೆಯ ಬೆಕ್ಕುಗಳು

ಮೊದಲ ಟ್ರಯಲಿಗೆ ನಾನೇ ಓಡಿಸಿದೆ. ಅಮ್ಮ ಮೂಡುಬಿದಿರೆಯ ತಾಯಿಮನೆಗೆ ಹೋಗಿದ್ದರು. ಅವರನ್ನು ಕರೆದುಕೊಂಡು ಬೆಳ್ತಂಗಡಿಯ ದಾರಿಯಾಗಿ ಊರಿಗೆ ಮುಟ್ಟಿಸುವುದು ಎಂದು ಮಾತಾಗಿತ್ತು. ಜೀಪು ಚೆನ್ನಾಗಿ ಓಡಿತು. ಆದರೆ ಇಂಜಿನ್ ಬಿಸಿಯಾದಂತೆ ಅದರ ಹಳೆಯ ಜೀವನವೆಲ್ಲ ಹೊರಗೆ ಬರತೊಡಗಿತು. ಎಷ್ಟೇ ಸೀಮೆಎಣ್ಣೆ ಹಾಕಿ ತೊಳೆದಿದ್ದರೂ ಬಂಗುಡೆ ಮೀನಿನ ವಾಸನೆ.

ಅಮ್ಮನ ತಾಯಿಮನೆಯವರು ಕತ್ತಲಾದ ಮೇಲೆ ಊಟವನ್ನೂ ಮಾಡದ ಜೈನರು. ಆ ಅಂಗಳದಲ್ಲಿ ನಾನು ಜೀಪು ನಿಲ್ಲಿಸಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕೇರಿಯ ಬೆಕ್ಕುಗಳೆಲ್ಲ ಸೇರಿದ್ದವು. ಎರಡು ಬೋಗುಣಿಯ ಮೇಲೆ, ಒಂದು ಸ್ಟಿಯರಿಂಗಿನ ಮೇಲೆ, ಉಳಿದವು ಕೆಳಗೆ ಇಂಜಿನನ್ನು ನೋಡುತ್ತಾ ಧ್ಯಾನಕ್ಕೆ ಕೂತಿದ್ದವು. ನಾನು ನಾಚಿಕೆಯಿಂದ ನೆಲ ನೋಡಿದೆ.

ಅಮ್ಮನ ತಾಯಿ ಹೊರಗೆ ಬಂದರು. ವಯಸ್ಸಾದವರು, ಬೈಯುತ್ತಾರೆ ಎಂದುಕೊಂಡೆ. ಅವರು ಬೆಕ್ಕುಗಳನ್ನೂ ನನ್ನನ್ನೂ ನೋಡಿ, ಒಳಗೆ ಹೋಗಿ ಒಂದು ಕಟ್ಟು ಊದುಬತ್ತಿ ತಂದು ನನ್ನ ಕೈಯಲ್ಲಿಟ್ಟರು.

"ದೇವರಿಗೆ ಅಲ್ಲ ಮಗ, ಇಂಜಿನಿಗೆ" ಎಂದರು.

೪. ಕೈಯ ಅಭ್ಯಾಸ

ಪೆಟ್ರೋಲ್ ಜೀಪಿನಲ್ಲಿ ಚೋಕ್ ಎಂದು ಒಂದು ನಾಬ್ ಇರುತ್ತದೆ. ಬೆಳಿಗ್ಗೆ ಅದನ್ನು ಎಳೆದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಡೀಸೆಲ್ ಇಂಜಿನಿಗೆ ಚೋಕ್ ಇಲ್ಲ. ಕೀ ತೆಗೆದರೆ ನಮ್ಮ ಇಂಜಿನ್ ನಿಲ್ಲುವುದೂ ಇಲ್ಲ. ನಿಲ್ಲಿಸಲು ಬೇರೆ ಒಂದು ನಾಬ್ ಎಳೆಯಬೇಕು, ಮತ್ತೆ ಸ್ಟಾರ್ಟ್ ಮಾಡುವ ಮೊದಲು ಅದನ್ನು ಒಳಗೆ ದೂಡಬೇಕು. ನಾನು ಹೊಸ ತೂತು ಕೊರೆಯುವ ಉದಾಸೀನಕ್ಕೆ ಈ ನಾಬನ್ನು ಹಳೆಯ ಚೋಕಿನ ಜಾಗದಲ್ಲೇ ಕೂರಿಸಿದ್ದೆ. ನನ್ನ ಬುದ್ಧಿವಂತಿಕೆ ಅದು.

ಮೂರನೇ ದಿನ ಕಂಡಕ್ಟರ್ ಒಬ್ಬನ ಕೈಯಲ್ಲಿ ಹೇಳಿಕೆ ಬಂತು: ಜೀಪು ಸ್ಟಾರ್ಟ್ ಆಗುವುದಿಲ್ಲ. ಎರಡು ಬಸ್ಸು ಬದಲಿಸಿ ಹೋದೆ. ಡಾಕ್ಟರರು ಇಪ್ಪತ್ತು ವರ್ಷದ ಅಭ್ಯಾಸದಂತೆ ನಾಬ್ ಎಳೆದು ಕೀ ತಿರುಗಿಸುತ್ತಿದ್ದರು. ಒಂದು ಕೈಯಲ್ಲಿ ಇಂಜಿನಿನ ಕುತ್ತಿಗೆ ಹಿಸುಕಿ, ಇನ್ನೊಂದು ಕೈಯಲ್ಲಿ ಏಳು ಏಳು ಎಂದ ಹಾಗೆ. ನಾಬ್ ಒಳಗೆ ದೂಡಿದೆ, ಸ್ಟಾರ್ಟ್ ಆಯಿತು. ವಿವರಿಸಿ ಹೇಳಿದೆ. "ಓಹೋ" ಎಂದರು.

ಮರುವಾರ ಪುನಃ ಹೇಳಿಕೆ. ಅದರ ಮರುವಾರವೂ.

"ನನಗೆ ಗೊತ್ತುಂಟು ಮೇಸ್ತ್ರಿ, ಈ ಕೈಗೆ ಗೊತ್ತಿಲ್ಲ" ಎಂದು ಪಾಪ, ಅವರು ತಮ್ಮ ಎಡಗೈಯನ್ನು ತೋರಿಸಿದರು.

ಹೆಂಡತಿಗೆ ದಿನ ಹತ್ತಿರವಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೆ, ನೀವು ಅದನ್ನು ಮುಟ್ಟಲೇಬೇಡಿ. ಸಂಜೆ ಮನೆಗೆ ಬಂದ ಮೇಲೆ ಅಮ್ಮ ಎಳೆಯಲಿ. ಬೆಳಿಗ್ಗೆ ಅಮ್ಮನೇ ಒಳಗೆ ದೂಡಲಿ" ಎಂದೆ.

ಆವತ್ತಿನಿಂದ ಅಮ್ಮ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಜೀಪಿನ ನಾಬ್ ದೂಡಿ, ಆಮೇಲೆ ಒಲೆ ಹಚ್ಚುತ್ತಿದ್ದರು. ಡಾಕ್ಟರರಂತೂ ಹೇಳಿದ ಮಾತು ಮೀರುವವರಲ್ಲ. ರೋಗಿಗಳಿಗೆ ಪಥ್ಯ ಹೇಳಿ ಹೇಳಿ ಅವರಿಗೇ ಪಥ್ಯ ಪಾಲಿಸುವ ಅಭ್ಯಾಸವಾಗಿತ್ತು.

೫. ಇವತ್ತು ಮಿಲ್ಲು ಉಂಟಾ?

ಮುಟ್ಟಬೇಡಿ ಎಂದ ಮೇಲೆ ಜೀಪು ಬೆಳಿಗ್ಗೆ ಸ್ಟಾರ್ಟ್ ಆದರೆ ಸಂಜೆಯವರೆಗೆ ನಿಲ್ಲುತ್ತಲೇ ಇರಲಿಲ್ಲ. ಡಾಕ್ಟರರು ರೋಗಿಯ ಮನೆಯೊಳಗೆ, ಜೀಪು ಅಂಗಳದಲ್ಲಿ ಡಗಡಗಡಗ.

ಆ ಕಡೆಯ ಅಕ್ಕಿಮಿಲ್ಲಿಗೂ ಅದೇ ಡಗಡಗ. ಮಿಲ್ಲು ದಿನಾಲೂ ಇರುತ್ತಿರಲಿಲ್ಲ, ಶಬ್ದ ಕೇಳಿದ ದಿನ ಹೆಂಗಸರು ಭತ್ತ ಹೊತ್ತು ಹೊರಡುವುದು ರೂಢಿ. ಒಂದು ದಿನ ಡಾಕ್ಟರರು ಯಾರದೋ ಕಾಲಿಗೆ ಪಟ್ಟಿ ಕಟ್ಟಿ ಹೊರಗೆ ಬಂದರೆ, ಜೀಪಿನ ಸುತ್ತ ಐದು ಹೆಂಗಸರು ಭತ್ತದ ಬುಟ್ಟಿ ಹೊತ್ತು ನಿಂತಿದ್ದರು. ಅವರಲ್ಲಿ ಹಿರಿಯಾಕೆ ಬೋಗುಣಿಯ ಕಡೆ ನೋಡಿ, "ಭತ್ತ ಹಾಕುವುದು ಇದಕ್ಕಾ?" ಎಂದು ಕೇಳಿದಳಂತೆ.

ಡಾಕ್ಟರರು ನಗಲಿಲ್ಲ. ಆ ಐವರೂ ಹುಟ್ಟಿದ ಮೇಲೆ ಡಾಕ್ಟರರ ಬಾಗಿಲಿಗೆ ಬಂದವರಲ್ಲ ಎಂದು ಅವರಿಗೆ ಗೊತ್ತಿತ್ತು. "ಬಂದದ್ದೇ ಆಯಿತಲ್ಲ, ಬುಟ್ಟಿ ಇಳಿಸಿ ಕೂತ್ಕೊಳ್ಳಿ" ಎಂದು ಒಬ್ಬೊಬ್ಬರದ್ದೇ ನಾಡಿ ನೋಡಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ರಕ್ತ ಕಡಿಮೆ ಇದ್ದವರಿಗೆ ಮಾತ್ರೆ ಕೊಟ್ಟರು. ಇದನ್ನು ನನಗೆ ಹೇಳುವಾಗ, "ನಿಮ್ಮ ಇಂಜಿನ್ ನನಗಿಂತ ಒಳ್ಳೆಯ ಡಾಕ್ಟರ್ ಮೇಸ್ತ್ರಿ" ಎಂದರು. ನನಗೆ ಯಾವ ಸರ್ಟಿಫಿಕೇಟೂ ಅಷ್ಟು ಖುಷಿ ಕೊಟ್ಟದ್ದಿಲ್ಲ.

ಹಿರಿಯಾಕೆ ಮಾತ್ರ ಮಾತ್ರೆ ಸೆರಗಿಗೆ ಕಟ್ಟಿಕೊಂಡು, "ಅದೆಲ್ಲ ಸರಿ, ಅಕ್ಕಿ ಯಾವಾಗ ಸಿಗ್ತದೆ?" ಎಂದು ಕೇಳಿಯೇ ಹೋದಳಂತೆ.

೬. ಮೇಸ್ತ್ರಿಯ ಪರೀಕ್ಷೆ

ಒಂದು ದಿನ ಹತ್ತು ಗಂಟೆಯ ಬಸ್ಸಿನ ಕಂಡಕ್ಟರ್ ಗ್ಯಾರೇಜಿನ ಮುಂದೆ ಬಸ್ಸು ನಿಲ್ಲಿಸಿ ಕೂಗಿದ: "ನಿಮ್ಮ ಮನೆಯವರಿಗೆ ಬೆಳಿಗ್ಗೆಯಿಂದ ನೋವಂತೆ. ಡಾಕ್ಟ್ರ ಜೀಪು ಮೇಲೆ ಹೋಗಿದೆ. ಹತ್ತಿ, ಹೋಗುವ."

ಗ್ರೀಸಿನ ಕೈಯಲ್ಲೇ ಹತ್ತಿದೆ. ಬೆಳ್ತಂಗಡಿ ಬರುವವರೆಗೂ ಕಣ್ಣು ಮುಚ್ಚಿ ಆ ಜೀಪಿನ ಒಂದೊಂದು ಬೋಲ್ಟನ್ನೂ ನೆನಪಿನಲ್ಲಿ ಬಿಗಿದೆ. ಕಬ್ಬಿಣದ ತಟ್ಟೆಯ ಆರನೇ ಬೋಲ್ಟ್ ಬಿಗಿದಿದ್ದೆನೋ ಇಲ್ಲವೋ? ಆ ಏರಿನಲ್ಲಿ ಅದು ಕೈಕೊಟ್ಟರೆ? ನಾಲ್ಕು ಜೀಪಿನ ಸುಳ್ಳು ಹೇಳಿದವನಿಗೆ ದೇವರು ಲೆಕ್ಕ ಚುಕ್ತ ಮಾಡುವುದು ಇಂಥ ದಿನವೇ ಎಂದು ಅನಿಸಿತು.

ಇನ್ನೊಂದು ಬಸ್ಸು ಹಿಡಿದು ಇಳಿದು ಓಡಿದೆ. ಎರಡನೇ ತೋಡು ದಾಟುವಾಗ ಮೇಲಿನಿಂದ ಕೇಳಿಸಿತು, ಡಗಡಗಡಗ. ಜೀಪು ಹತ್ತಿತ್ತು. ನನ್ನ ಜೀಪು ಹತ್ತಿತ್ತು. ಬಿಸಿಲಿನಲ್ಲಿ ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದರೆ ಅದರಲ್ಲಿ ಯಾರೂ ಇಲ್ಲ, ಬೋಗುಣಿ ಒಂದೇ ನಡುಗುತ್ತಿತ್ತು.

ಅತ್ತೆ ಬಾಗಿಲಿಗೆ ಬಂದರು. ಇಂಜಿನಿನ ಶಬ್ದದಲ್ಲಿ ಏನೂ ಕೇಳಿಸದೆ ನಾನು ಅವರ ತುಟಿಯನ್ನೇ ನೋಡಿದೆ. ಅವರು ಹತ್ತಿರ ಬಂದು ನನ್ನ ಕಿವಿಯಲ್ಲಿ ಕೂಗಿದರು: "ಹೆಣ್ಣು ಮಗು. ಇಬ್ಬರೂ ಸೌಖ್ಯ ಇದ್ದಾರೆ."

ನಾನು ಜೀಪಿನ ಮಡ್‌ಗಾರ್ಡಿಗೆ ತಲೆ ಒರಗಿಸಿ ಅತ್ತುಬಿಟ್ಟೆ. ಅಡಗಿಸುವ ಅಗತ್ಯವಿರಲಿಲ್ಲ, ಆ ಶಬ್ದದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಡಾಕ್ಟರರು ಜಗಲಿಯಲ್ಲಿ ಕೈ ತೊಳೆಯುತ್ತಿದ್ದರು. "ಡಾಕ್ಟ್ರೆ, ಬಂದಾಗಿನಿಂದ ಇದು ಓಡ್ತಾ ಉಂಟಾ?" ಎಂದು ಕೂಗಿ ಕೇಳಿದೆ.

"ಬಂದು ಮೂರು ಗಂಟೆ ಹೊತ್ತಾಯಿತು. ನೀವೇ ಅಲ್ವಾ ಮುಟ್ಟಬೇಡಿ ಎಂದದ್ದು?"

ನಾನು ಕಣ್ಣೊರೆಸಿಕೊಂಡು ನಾಬ್ ಎಳೆದೆ. ಜೀಪು ನಿಂತಿತು. ಗುಡ್ಡವೆಲ್ಲ ಒಮ್ಮೆಗೇ ಮೌನವಾಯಿತು. ಆ ಮೌನದಲ್ಲಿ ಒಳಗಿನಿಂದ ಮಗು ಕಿರುಚತೊಡಗಿತು. ಹುಟ್ಟುವಾಗ ಒಮ್ಮೆ ಅತ್ತು, ಆ ಡಗಡಗಕ್ಕೆ ನಿದ್ದೆ ಹೋಗಿದ್ದ ಮಗು. ಎತ್ತಿಕೊಂಡರು, ತೂಗಿದರು, ಹಾಡಿದರು, ಅಳು ನಿಲ್ಲಲಿಲ್ಲ.

ಒಳಗಿನಿಂದ ನನ್ನ ಹೆಂಡತಿಯ ಸೋತ ದನಿ ಕೇಳಿತು: "ಆ ಜೀಪನ್ನು ಪುನಃ ಸ್ಟಾರ್ಟ್ ಮಾಡಿ ಮಾರಾಯ್ರೆ."

ನನ್ನ ಮಗಳು ನನ್ನಲ್ಲಿ ಕೇಳಿದ ಮೊದಲ ವಸ್ತು ಅದು. ಹಾರಿ ಸೀಟಿನಲ್ಲಿ ಕೂತು ಕೀ ತಿರುಗಿಸಿದೆ. ಕುರ್ ಕುರ್ ಕುರ್. ಪುನಃ ತಿರುಗಿಸಿದೆ. ಕುರ್ ಕುರ್. ಬೆವರಿಳಿಯಿತು. ಇಳಿದು ಬೋಗುಣಿ ಬಡಿದೆ, ಡೀಸೆಲ್ ಪೈಪು ಅಲ್ಲಾಡಿಸಿದೆ, ಬ್ಯಾಟರಿಯ ವಯರು ಒತ್ತಿದೆ, ಪುನಃ ಕೂತು ಕೀ ತಿರುಗಿಸಿದೆ. ಒಳಗೆ ಮಗುವಿನ ಕಿರುಚಾಟ, ಹೊರಗೆ ಕುರ್ ಕುರ್.

ಡಾಕ್ಟರರು ಬೈರಾಸಿನಲ್ಲಿ ಕೈ ಒರೆಸುತ್ತಾ ನಿಧಾನಕ್ಕೆ ಅಂಗಳಕ್ಕೆ ಇಳಿದು ಬಂದು, ನನ್ನ ಪಕ್ಕದಲ್ಲಿ ಬಗ್ಗಿ ನೋಡಿದರು.

"ಮೇಸ್ತ್ರಿ," ಎಂದರು ಮೆಲ್ಲಗೆ, "ಆ ನಾಬನ್ನು ಒಳಗೆ ದೂಡಲಿಕ್ಕೆ ನನ್ನ ಮನೆಯವಳನ್ನು ಕರೆಸಬೇಕಾ?"