ಬಿಜೈಗೆ ಹೋಗುವ ಸಿಟ್ಟು

ಗಂಡನೊಡನೆ ಜಗಳವಾಡಿದ ಹೆಂಡತಿ ತವರಿಗೆ ಹೊರಡುವುದು ಬೇರೆ ಕಡೆಯ ಪದ್ಧತಿ. ನಮ್ಮದು ಅಳಿಯಕಟ್ಟು, ಮನೆ ಹೆಂಗಸಿನದು, ಇಲ್ಲಿ ತವರಿಗೆ ಹೊರಡುವವನು ಗಂಡ. ನಾನಿರುವುದು ಬೋಳಾರದಲ್ಲಿ, ಹೆಂಡತಿ ಕಲ್ಯಾಣಿಯ ಮನೆಯಲ್ಲಿ. ಸಾರಿನ ಉಪ್ಪಿನಿಂದ ಹಿಡಿದು ಮಕ್ಕಳ ಮದುವೆಯವರೆಗೆ ಅಲ್ಲಿ ಅವಳದೇ ಮಾತು. ನನ್ನದು ಎಂದು ಹೇಳಿಕೊಳ್ಳಬಹುದಾದ ಮನೆ ಊರಿನ ಇನ್ನೊಂದು ತುದಿಯಲ್ಲಿ, ಬಿಜೈಯಲ್ಲಿರುವ ಅಕ್ಕನದು. ಆದ್ದರಿಂದ ಮನಸ್ಸು ಕೆಟ್ಟಾಗಲೆಲ್ಲ ಕೊಡೆ ಹಿಡಿದು, "ನಾನು ನನ್ನ ಮನೆಗೆ ಹೋಗ್ತೇನೆ" ಎಂದು ಜಗಲಿ ಇಳಿಯುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದದ್ದು.

ಮನಸ್ಸು ಯಾಕೆ ಕೆಡುತ್ತದೆ? ಮದರಾಸಿನಲ್ಲಿ ಬಿ.ಎ.ಗೆ ಮನಃಶಾಸ್ತ್ರ ಓದಿದವನು ನಾನು. ಕೋಪದ ಮೇಲೆ ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಪರೀಕ್ಷೆಯ ಕೋಪಕ್ಕೆ ಯಾವಾಗಲೂ ಒಂದು ಕಾರಣ ಇರುತ್ತಿತ್ತು. ನನ್ನ ಕೋಪಕ್ಕೆ ಬೆಳಿಗ್ಗೆ ಇದ್ದ ಕಾರಣ ಮಧ್ಯಾಹ್ನಕ್ಕೆ ಇರುವುದಿಲ್ಲ. ದಿನಚರಿ ಬರೆಯುವ ಚಟವೇನೋ ಉಂಟು. ಆದರೆ ಅದರಲ್ಲೂ ಸಂಜೆಗೆ ನೆನಪಾದದ್ದನ್ನೇ ತಾನೇ ಬರೆಯುವುದು? ನನ್ನ ನೆನಪು ನನ್ನ ಪರವಾಗಿ ಹೇಳಲು ಚೆನ್ನಾಗಿ ಕಲಿತ ಸಾಕ್ಷಿ. ಈಗ ಹೇಳುವುದನ್ನೂ ಓದುಗರು ಸ್ವಲ್ಪ ಕಳೆದೇ ನಂಬಬೇಕು.

ಒಂದು ಭಾನುವಾರ ಹೀಗೇ ಹೊರಟೆ. ಬೋಳಾರದಲ್ಲಿ ಸಿಟ್ಟು ನನ್ನ ಮುಂದೆ ನಡೆಯುತ್ತಿತ್ತು. ಬಲ್ಮಠದ ಏರಿನಲ್ಲಿ ನನ್ನ ಜೊತೆಗೇ ಏದುಸಿರು ಬಿಟ್ಟಿತು. ಗುಡ್ಡದ ಮೇಲೆ ಗಾಳಿ ಬೀಸಿ ಬೆನ್ನಿನ ಬೆವರು ಆರಿದಾಗ ತಿರುಗಿ ನೋಡಿದರೆ ಎಲ್ಲಿಯೂ ಇಲ್ಲ! ಕೆಟ್ಟ ಮನಸ್ಸಿಗೆ ನಡಿಗೆಯಂಥ ಔಷಧ ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ರೋಗ ಅರ್ಧ ದಾರಿಯಲ್ಲೇ ವಾಸಿಯಾದರೆ ವೈದ್ಯರ ಮನೆಗೆ ಹೋಗಿ ಎಂತ ಹೇಳುವುದು?

"ಎಂತ ಮಾರಾಯ, ಈ ಬಿಸಿಲಿಗೆ? ಜಗಳವಾ?" ಎಂದಳು ಅಕ್ಕ.

"ಹೌದು."

"ಎಂತಕ್ಕೆ?"

ಮನಸ್ಸಿನ ಒಳಗೆಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ನೆಂಟರ ಮನೆಗೆ ಬರಿಗೈಯಲ್ಲಿ ಬಂದವನ ನಾಚಿಕೆಯಾಗಿ, "ಅಲ್ಲಿ ಸರಿಯಾಗಿ ಊಟ ಹಾಕುವುದಿಲ್ಲ" ಎಂದುಬಿಟ್ಟೆ.

ಅಕ್ಕ ಎದ್ದು ಸೆರಗು ಬಿಗಿದಳು. "ನಮ್ಮ ಕುಟುಂಬದ ಗಂಡಸಿಗೆ ಅನ್ನ ಇಲ್ಲವಾ? ನಡೆ! ಇವತ್ತೇ ಕೇಳಿಬಿಡ್ತೇನೆ."

ಕೊಡೆ ಎತ್ತಿಕೊಂಡು ಅವಳ ಹಿಂದೆ ಓಡಿದೆ. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಗಲು ಇದಕ್ಕಿಂತ ಸಣ್ಣ ಮಾತು ಸಾಕಾದದ್ದನ್ನು ಕಂಡಿದ್ದೇನೆ. ನನಗೆ ಹಿಡಿದ ಔಷಧ ಅಕ್ಕನಿಗೂ ಹಿಡಿಯಲಿ ಎಂದು ಗುಡ್ಡದ ಮೇಲೆ ಬೇಡಿಕೊಂಡೆ, "ಸ್ವಲ್ಪ ಕೂತುಕೊಳ್ಳುವ ಅಕ್ಕ, ಗಾಳಿ ಒಳ್ಳೆಯದುಂಟು."

"ಪಾಪ, ಗಾಳಿ ತಿಂದೇ ಬದುಕುವುದು ಅಭ್ಯಾಸವಾಗಿಬಿಟ್ಟಿದೆ!" ಎಂದು ಅಕ್ಕ ಇನ್ನೂ ಬೀಸು ಹೆಜ್ಜೆ ಹಾಕಿದಳು.

ಬೋಳಾರ ಮುಟ್ಟಿದೊಡನೆ ಕಲ್ಯಾಣಿ ಬೆಲ್ಲ ನೀರು ತಂದಿಟ್ಟಳು. ಅಕ್ಕ ಮುಟ್ಟಲಿಲ್ಲ. "ನನ್ನ ತಮ್ಮನಿಗೆ ಇಲ್ಲಿ ಊಟ ಇಲ್ಲವಂತೆ?"

ಕಲ್ಯಾಣಿ ನನ್ನನ್ನು ಒಮ್ಮೆ ನೋಡಿ, ಒಳಗಿನಿಂದ ಮುಚ್ಚಿಟ್ಟ ಬಟ್ಟಲು ತಂದು ತೆರೆದಳು. "ಬೆಳಿಗ್ಗೆಯ ನೀರುದೋಸೆ ಅತ್ತಿಗೆ. ತಿಂದು ಆಮೇಲೆ ಸಿಟ್ಟು ಮಾಡಿ ಅಂತ ಹೇಳಿದೆ. ಕೇಳಲಿಲ್ಲ."

"ಸಿಟ್ಟು ಎಂತಕ್ಕೆ?"

"ಅದನ್ನು ಕೇಳಿದ್ದಕ್ಕೇ ಹೊರಟುಹೋದದ್ದು!"

ಇಬ್ಬರೂ ನನ್ನತ್ತ ತಿರುಗಿದರು. "ಮರೆತುಹೋಗಿದೆ" ಎಂದೆ. ನಾನು ಹೇಳಿದ ನಿಜಗಳಲ್ಲಿ ಇಷ್ಟು ಕಡಿಮೆ ನಂಬಿಕೆ ಗಳಿಸಿದ್ದು ಬೇರೊಂದಿಲ್ಲ.

"ಅತ್ತಿಗೆ, ನಿಮ್ಮಲ್ಲಿಂದ ಬಂದಾಗಲೆಲ್ಲ, ಅಕ್ಕನ ಮನೆಯ ಸಾರು ಉಪ್ಪಿಲ್ಲದೆ ಚಪ್ಪೆ ಅಂತ ಹೇಳ್ತಾರೆ" ಎಂದಳು ಕಲ್ಯಾಣಿ ಮೆಲ್ಲಗೆ.

"ನನ್ನ ಸಾರು ಚಪ್ಪೆಯಾ? ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಾನಲ್ಲ!" ಅಕ್ಕನ ಕೈ ತಾನಾಗಿ ಬೆಲ್ಲದ ಕಡೆ ಹೋಯಿತು. ಎರಡು ಮನೆಗಳ ಸಂಬಂಧ ಉಳಿಯಿತು. ನನ್ನ ಮರ್ಯಾದೆಯ ಮಾತು ಬೇರೆ. ಸಂಜೆಯವರೆಗೂ ಇಬ್ಬರೂ ನನ್ನನ್ನೇ ನಂಚಿಕೊಂಡು ಉಂಡರು. ಹೊರಡುವಾಗ ಕಲ್ಯಾಣಿ ಉಪ್ಪಿನಕಾಯಿಯ ಭರಣಿ ಕೊಟ್ಟಳು. ಅದನ್ನು ಹೊತ್ತು ಅಕ್ಕನನ್ನು ಬಿಜೈಗೆ ಮುಟ್ಟಿಸಿ ಬಂದೆ.

ಅಂದಿನಿಂದ ಇದೇ ಪದ್ಧತಿ. ನಾನು ಕೊಡೆ ಹಿಡಿದರೆ ಸಾಕು, "ಹೇಗೂ ಬಿಜೈಗಲ್ಲವಾ? ಕೈ ಬೀಸಿಕೊಂಡು ಹೋಗಬೇಡಿ" ಎಂದು ಕಲ್ಯಾಣಿ ಏನಾದರೂ ಕೊಡುತ್ತಾಳೆ. ಬರುವಾಗ ಅಕ್ಕ ಬಸಳೆಯ ಕಟ್ಟು ಹೊರಿಸುತ್ತಾಳೆ. ಭರಣಿ ತುಳುಕದ ಹಾಗೆ ನಡೆಯುತ್ತ ಸಿಟ್ಟು ಉಳಿಸಿಕೊಳ್ಳುವುದು ಹೇಗೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಮೊನ್ನೆ ಜಗಲಿಯಲ್ಲಿ ಬಹಳ ಪ್ರಸನ್ನನಾಗಿ ಕೂತಿದ್ದೆ. ಕಲ್ಯಾಣಿ ಬಂದು ನಿಜವಾದ ಚಿಂತೆಯಿಂದ ಕೇಳಿದಳು, "ಎಂತ, ಇತ್ತೀಚೆಗೆ ನಿಮಗೆ ಸಿಟ್ಟೇ ಬರುವುದಿಲ್ಲ? ಬಿಜೈಗೆ ಕಳಿಸಲಿಕ್ಕಿರುವ ಮಾವಿನಹಣ್ಣು ಇಲ್ಲಿ ಕೊಳೆಯುತ್ತ ಉಂಟು."

ಅದನ್ನು ಕೇಳಿ ನನಗೆ ಎಂಥ ಸಿಟ್ಟು ಬಂತೆಂದರೆ, ತಟ್ಟನೆ ಎದ್ದು ಕೊಡೆಗೆ ಕೈ ಹಾಕಿದೆ. ಹಣ್ಣಿನ ಬುಟ್ಟಿ ಕೊಡೆಯ ಪಕ್ಕದಲ್ಲೇ ಇತ್ತು.