ವೈರಿನ ಆ ತುದಿಯಲ್ಲಿ ಯಾರಿದ್ದೀರಿ?

ಕರೆದರೆ ಓಗೊಡದವರನ್ನು ನಾನು ಸಹಿಸುವವಳಲ್ಲ. ಕಾನ್ವೆಂಟಿನಲ್ಲಿ ಹಾಜರಿಗೆ ‘ಪ್ರೆಸೆಂಟ್, ಸಿಸ್ಟರ್’ ಎಂದು ಕಿಟಕಿಯ ಗಾಜು ನಡುಗುವಂತೆ ಕೂಗುತ್ತಿದ್ದವಳು. ಆ ಉದ್ದನೆಯ ಕಾರಿಡಾರು, ಪಾಲಿಶ್ ಹಚ್ಚಿದ ನೆಲದ ವಾಸನೆ, ಕೆಲವು ಮಧ್ಯಾಹ್ನ ಸುಮ್ಮನೆ ನೆನಪಾಗುತ್ತವೆ.

ಮೊನ್ನೆ ನಿಪ್ಪಾಣಿಯ ನಮ್ಮ ಮನೆಯ ಇಂಟರ್ನೆಟ್ ಮಾತು ಬಿಟ್ಟಿತು. ಸಂಜೆ ನಾನು ಕಲಿಸುವ ಆನ್‌ಲೈನ್ ಇಂಗ್ಲಿಷ್ ಕ್ಲಾಸು. ತೆಲಸಂಗದ ಪದ್ಮಕ್ಕ ಅಂದು ಮೊದಲ ಸಲ ಎಲ್ಲರೆದುರು ಗಟ್ಟಿಯಾಗಿ ಓದುವವಳಿದ್ದಳು. ಒಂದು ದಿನ ಮುಂದೆ ಹೋದರೆ ಅವಳ ಧೈರ್ಯ ಮತ್ತೆ ಮೂಲೆ ಸೇರುತ್ತದೆಂದು ನನಗೆ ಗೊತ್ತು. ಕೇಬಲ್ಲಿನ ಅಣ್ಣಪ್ಪನಿಗೆ ಫೋನ್ ಹಚ್ಚಿದೆ. “ನಮ್ಮ ಕಡೀಂದ ಎಲ್ಲಾ ಓಕೆ ಐತ್ರಿ ಆಯಿ. ನಿಮ್ಮ ರೂಟರ್ ಹೋಗೇತಿ” ಎಂದ.

ನನ್ನ ರೂಟರಿಗೆ ಅಂಥ ಅಪವಾದವೇ? ವೈರನ್ನು ಬಿಚ್ಚಿ ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಪ್ಪು ಪರದೆಯಲ್ಲಿ ‘ಪಿಪಿಪಿಒಇ ಡಿಸ್ಕವರಿ’ ಎಂಬ ಕಮಾಂಡ್ ಕೊಟ್ಟೆ. ಇದರ ಕೆಲಸ ಸರಳ. ನೆರೆಮನೆಯ ಹೊಸ್ತಿಲಲ್ಲಿ ನಿಂತು ನಾವು “ಅದಾರೇನ್ರಿ ಮನ್ಯಾಗ?” ಎನ್ನುವುದಿಲ್ಲವೇ, ಹಾಗೆ ವೈರಿನೊಳಗೆ ಕೂಗುತ್ತದೆ. ಕೇಳಿಸಿಕೊಂಡ ಬ್ರಾಡ್‌ಬ್ಯಾಂಡ್ ಸರ್ವರ್ ತನ್ನ ಹೆಸರು ಹೇಳುತ್ತದೆ. ಈ ವಯಸ್ಸಿನಲ್ಲಿ ಇಂಥದನ್ನು ಟೈಪಿಸುವವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ. ತಾಲೂಕಿನಲ್ಲೇ ಎನ್ನಬಹುದಿತ್ತು, ವಿನಯ ಅಡ್ಡ ಬಂತು.

ಯಾರೂ ಹೆಸರು ಹೇಳಲಿಲ್ಲ. ಅದೇ ಲೈನಿನ ಮೇಲಿರುವ ಪಕ್ಕದ ಮನೆ ಕಮಲವ್ವನ ಬಳಿ ಲ್ಯಾಪ್‌ಟಾಪ್ ಹೊತ್ತು ಹೋದೆ. “ಅಕ್ಕಾರ, ನೆಟ್ ಬೇಡಕೋಂತ ಮನಿ ಮನಿ ತಿರಗಾಕತ್ತೀರೇನು?” ಎಂದು ನಕ್ಕಳು. ಅವಳ ವೈರಿನಲ್ಲಿ ಕಮಾಂಡ್ ಕೊಟ್ಟೊಡನೆ ಸರ್ವರ್ ಜಾಣ ವಿದ್ಯಾರ್ಥಿಯಂತೆ ಹೆಸರು ಹೇಳಿತು. ಎಂದರೆ ಸರ್ವರ್ ಜೀವಂತ, ನನ್ನ ರೂಟರ್ ನಿರಪರಾಧಿ, ಕೆಟ್ಟದ್ದು ಎರಡು ಮನೆಗಳ ನಡುವಿನ ವೈರು. ಎಲಿಮೆಂಟರಿ ಲಾಜಿಕ್.

ಅಣ್ಣಪ್ಪನನ್ನು ಕರೆಸಿ ಇದನ್ನೆಲ್ಲ ತೋರಿಸಿದೆ. ಅವನು ತಲೆ ಕೆರೆದುಕೊಂಡ. “ನಮ್ಮ ಹುಡುಗರಿಗೂ ಇದು ಬರಾಂಗಿಲ್ರಿ ಆಯಿ. ನಡೀರಿ, ಮ್ಯಾಲ ನೋಡೂಣು.” ನಾನು ಸೆರಗು ಸರಿಮಾಡಿಕೊಂಡು, ಗೆದ್ದವಳ ಠೀವಿಯಲ್ಲಿ ಅವನ ಮುಂದೆ ಮಾಳಿಗೆ ಹತ್ತಿದೆ.

ವೈರು ಜೋತು ಬಿದ್ದು ಜಾಯಿಂಟಿನಿಂದ ಕಿತ್ತುಹೋಗಿತ್ತು. ಅದರ ಮೇಲೆ, ಬೆಳಿಗ್ಗೆ ತೊಳೆದು ಹಾಕಿದ ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿದ ನಮ್ಮ ಕಡೆಯ ಕೌದಿ ನೀರು ಕುಡಿದರೆ ಎಮ್ಮೆಯ ಕರುವಿನಷ್ಟು ತೂಗುತ್ತದೆ.

“ಕೌದಿ ಯಾರದ್ರಿ ಆಯಿ?”

“ನೀ ಮೊದಲ ವೈರ್ ಜೋಡಿಸು.”

ಸಂಜೆ ಪದ್ಮಕ್ಕ ಒಂದಿಡೀ ಪುಟ ಓದಿದಳು. ಧ್ವನಿ ನಡುಗಿತು, ನಿಲ್ಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನೆಟ್ ಸರಿಹೋದದ್ದು ಹೇಗೆಂದು ಆಮೇಲೆ ಕೇಳಿದರು. ಕಮಾಂಡ್, ಸರ್ವರ್, ಲಾಜಿಕ್, ಎಲ್ಲವನ್ನೂ ವಿಸ್ತಾರವಾಗಿ ವಿವರಿಸಿದೆ. ಕ್ಲಾಸಿನಲ್ಲಿ ಇಂಗ್ಲಿಷನ್ನೇ ಆಡಬೇಕೆಂಬುದು ನನ್ನದೇ ಕಟ್ಟುನಿಟ್ಟಿನ ನಿಯಮ. ಕೌದಿಗೆ ತಕ್ಕ ಇಂಗ್ಲಿಷ್ ಪದ ಆ ಹೊತ್ತಿಗೆ ಹೊಳೆಯಲಿಲ್ಲವಾಗಿ, ಅದೊಂದನ್ನು ಬಿಟ್ಟೆ.