ಕವಿಯ ಕೋಟು, ಜಾರ್ಲತ್‌ನ ಟಿಕೆಟ್ಟು

ಅಷ್ಟು ರಾದ್ಧಾಂತಕ್ಕೆಲ್ಲ ಮೂಲ ಗೋಡೆಗೆ ಹೊಡೆದಿದ್ದ ಒಂದು ಮೊಳೆ. ಮೊಳೆ ಖಾಲಿ ಇತ್ತು, ಜಾರ್ಲತ್ ಮಕ್‌ಗೌರನ್‌ನ ಕೈಯಲ್ಲಿ ಕೋಟು ಇತ್ತು. ಖಾಲಿ ಮೊಳೆ ಕಂಡರೆ ಕೋಟು ನೇತುಹಾಕುವುದು ಮನುಷ್ಯನ ಸ್ವಭಾವ. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಅಂದು ಭಾನುವಾರ. ಡ್ರಮ್‌ಕೀಲಿಯ ಚರ್ಚಿನ ಸಭಾಭವನದಲ್ಲಿ ಕವಿ ಕಾನ್ಲೆತ್ ಡೆವಾನಿಯವರ ಬದುಕು-ಬರಹದ ಪ್ರದರ್ಶನ. ಕವಿ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಬದುಕಿದ್ದಾಗ ಅವರನ್ನು ಕಂಡರೆ ಊರಿನವರು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು, ಎಲ್ಲಿ ನಿಲ್ಲಿಸಿಕೊಂಡು ಪದ್ಯ ಓದಿಬಿಡುತ್ತಾರೋ ಎಂದು. ಈಗ ಆ ಭಯ ಇಲ್ಲದ್ದರಿಂದ ಅಭಿಮಾನ ಚೆನ್ನಾಗಿ ಬೆಳೆದಿತ್ತು.

ಪ್ರದರ್ಶನದ ದಿನವನ್ನು ಸಮಿತಿಯವರು ವಸಂತದಲ್ಲೇ ಗೊತ್ತುಮಾಡಿದ್ದರು. ಅದೇ ದಿನ ಡಬ್ಲಿನ್‌ನಲ್ಲಿ ಫುಟ್‌ಬಾಲ್ ಫೈನಲ್ ಎಂಬುದು ಎಲ್ಲರಿಗೂ ತಿಳಿದಿತ್ತು. ಆ ಫೈನಲ್ಲಿನಲ್ಲಿ ತಮ್ಮ ಜಿಲ್ಲೆ ಆಡುತ್ತದೆ ಎಂದು ಮಾತ್ರ ಯಾರಿಗೂ ಕನಸು ಬಿದ್ದಿರಲಿಲ್ಲ. ಅಜ್ಜಂದಿರ ಕಾಲದಿಂದ ತಪ್ಪದೆ ಸೋತುಕೊಂಡು ಬಂದ ತಂಡ. ಈ ವರ್ಷ ಅದಕ್ಕೇನು ಬಡಿಯಿತೋ, ಸೋಲಬೇಕಾದ ಕಡೆಯೆಲ್ಲ ಗೆದ್ದುಬಿಟ್ಟಿತು. ದೀಪದ ಕಂಬಗಳಿಗೆ ಬಾವುಟ ಬಂತು, ಕುರಿಗಳ ಬೆನ್ನಿಗೆ ಹಸಿರು ಹಳದಿ ಬಣ್ಣ ಬಂತು. ಟಿಕೆಟ್ಟು ಮಾತ್ರ ಯಾರಿಗೂ ಬರಲಿಲ್ಲ.

ಜಾರ್ಲತ್‌ಗೆ ಒಂದು ಬಂದಿತ್ತು. ಡಬ್ಲಿನ್‌ನ ಮಠದಲ್ಲಿ ಸನ್ಯಾಸಿನಿಯಾಗಿದ್ದ ಸೋದರತ್ತೆ ಕಳಿಸಿದ್ದಳು. ಅವಳಿಗೆ ಎಲ್ಲಿಂದ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ. ಸನ್ಯಾಸಿನಿಗೆ ಸಿಗುವ ದಾರಿ ಬೇರೆ ಇರುತ್ತದೆ. ಹಾಲಿನ ಲಾರಿ ಓಡಿಸುತ್ತ ಐವತ್ತು ದಾಟಿದ ಆ ಬ್ರಹ್ಮಚಾರಿ ಟಿಕೆಟ್ಟನ್ನು ಕೋಟಿನ ಒಳಜೇಬಿಗಿಟ್ಟು, ಮಲಗುವಾಗ ಕೋಟನ್ನೇ ಹೊದ್ದುಕೊಂಡು ಮಲಗುತ್ತಿದ್ದ.

ಅಂದು ಬೆಳಿಗ್ಗೆ ಪೂಜೆ ಮುಗಿಸಿ ಡಬ್ಲಿನ್ ಬಸ್ಸಿನ ಕಡೆ ಹೊರಟವನನ್ನು ಅಟ್ರಾಕ್ಟಾ ಟೀಚರು ಸಭಾಭವನದ ಬಾಗಿಲಲ್ಲೇ ಹಿಡಿದರು. ಅವರು ಸಮಿತಿಯ ಅಧ್ಯಕ್ಷೆ. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಉಳಿದರ್ಧಕ್ಕೆ ಕಿವಿ ಹಿಂಡಿದವರು. ಜಾರ್ಲತ್ ಎರಡೂ ಪಟ್ಟಿಯಲ್ಲಿದ್ದ.

"ಜಾರ್ಲತ್, ಆ ಗಾಜಿನ ಪೆಟ್ಟಿಗೆಗೆ ಒಂದು ಕೈ ಹಾಕು."

"ಟೀಚರೇ, ಬಸ್ಸು..."

"ಬಸ್ಸು ನಿನ್ನ ಬಿಟ್ಟು ಹೋಗಲ್ಲ. ಭಾಷಣ ಮುಗಿಯೋ ತನಕ ಅದಕ್ಕೆ ನಾನೇ ಅಪ್ಪಣೆ ಕೊಟ್ಟಿಲ್ಲ."

ಕೋಟು ಬಿಚ್ಚಿ ಮೊಳೆಗೆ ಹಾಕಿದ. ಗಾಜಿನ ಪೆಟ್ಟಿಗೆ ಎತ್ತಿದ. ಆಮೇಲೆ ಟೀ ಕಾಯಿಸುವ ದೊಡ್ಡ ಪಾತ್ರೆ ಎತ್ತಿದ. ಆಮೇಲೆ ಕುರ್ಚಿಗಳು. ಬೆವರು ಒರೆಸಿಕೊಂಡು ತಿರುಗಿ ಬಂದರೆ ಮೊಳೆಯ ಸುತ್ತ ಕೆಂಪು ಹಗ್ಗ ಕಟ್ಟಿತ್ತು. ಹಗ್ಗದೊಳಗೆ ಕವಿಯ ಮಂಚ, ಕವಿಯ ಮೇಜು, ಕವಿಯ ಕೆಟಲ್ಲು. ಗೋಡೆಯ ಮೇಲೆ ಅವನ ಕೋಟು. ಕೋಟಿನ ಕೆಳಗೆ ಟೀಚರ ಮುದ್ದಾದ ಅಕ್ಷರದಲ್ಲಿ ಒಂದು ಚೀಟಿ: "ಕವಿಯವರು ಬಳಸುತ್ತಿದ್ದ ಮೇಲಂಗಿ."

ಕವಿಯ ಕೋಟು ಯಾರಾದರೂ ತಂದೇ ತರುತ್ತಾರೆ ಎಂದು ಸಮಿತಿಯ ಪ್ರತಿಯೊಬ್ಬರೂ ನಂಬಿದ್ದರು. ಮೊಳೆಯ ಮೇಲೆ ಕೋಟು ಕಂಡಾಗ ಆ ನಂಬಿಕೆ ನಿಜವಾಯಿತು, ಅಷ್ಟೆ.

ಅಷ್ಟರಲ್ಲಿ ಕೌನ್ಸಿಲರ್ ಮಾತು ಶುರುಮಾಡಿಬಿಟ್ಟಿದ್ದರು. ಪದ್ಯ ಓದಿದವರಲ್ಲದ್ದರಿಂದ ಕಣ್ಣಿಗೆ ಕಂಡದ್ದನ್ನೇ ಹೊಗಳಿದರು. "ಈ ಕೋಟನ್ನು ನೋಡಿ! ಇದರ ಒಂದೊಂದು ತೇಪೆಯೂ ಒಂದೊಂದು ಕವಿತೆ!" ಜನ ಚಪ್ಪಾಳೆ ತಟ್ಟಿದರು. ಪತ್ರಿಕೆಯವನು ಫೋಟೋ ತೆಗೆದ. ಮೊಣಕೈಯ ಆ ತೇಪೆಯನ್ನು ಜಾರ್ಲತ್ ಹೋದ ತಿಂಗಳಷ್ಟೆ ಹಾಕಿಕೊಂಡಿದ್ದ, ಲಾರಿಯ ಹಳೆಯ ಸೀಟಿನ ಬಟ್ಟೆಯಲ್ಲಿ.

ಅವನು ಟೀಚರ ಪಕ್ಕಕ್ಕೆ ನುಸುಳಿ ಪಿಸುಗುಟ್ಟಿದ. "ಟೀಚರೇ, ಅದು ನನ್ನ ಕೋಟು."

"ಬಾಯ್ಮುಚ್ಚು. ನಿನ್ನದಾದ್ರೆ ಕವಿಗಳದ್ದೆಲ್ಲಿ?"

"ನಂಗೇನು ಗೊತ್ತು? ಕೋಟು ಬೇಡ, ಇಟ್ಕೊಳ್ಳಿ. ಜೇಬಲ್ಲಿ ಟಿಕೆಟ್ಟಿದೆ, ಅದೊಂದು ತೆಗೆದುಕೊಡಿ."

ಟೀಚರು ಅವನನ್ನು ತಪ್ಪು ಲೆಕ್ಕದಂತೆ ನೋಡಿದರು. "ಮೂವತ್ತು ವರ್ಷದ ಹಿಂದೆ ಸತ್ತವರ ಜೇಬಿಂದ ಇವತ್ತಿನ ಮ್ಯಾಚಿನ ಟಿಕೆಟ್ ತೆಗೀಲಾ? ಪೇಪರಿನವರ ಎದುರಿಗೆ? ಸಂಜೆ ಎಲ್ಲ ಹೋದ್ಮೇಲೆ ಬಾ."

"ಸಂಜೆ ಹೊತ್ತಿಗೆ ಮ್ಯಾಚೇ ಮುಗಿದಿರುತ್ತೆ!"

"ಹಾಗಾದ್ರೆ ಅವಸರ ಏನು?"

ಸಾಕ್ಷಿ ಬೇಕೆಂದು ಜಾರ್ಲತ್ ಪ್ಯಾಕಿ ಡೋಲನ್‌ನನ್ನು ಹುಡುಕಿದ. ಪ್ಯಾಕಿ ಅವನ ನೆರೆಮನೆಯವನು. ಒಂದೇ ಸೂರಿನಡಿ ಹೆಂಡದಂಗಡಿಯನ್ನೂ ಶವಪೆಟ್ಟಿಗೆಯ ಅಂಗಡಿಯನ್ನೂ ನಡೆಸುತ್ತಿದ್ದ. ಗಿರಾಕಿಗಳು ಬೇರೆ ಕಡೆ ಹೋಗುವ ಪ್ರಮೇಯವೇ ಇರಲಿಲ್ಲ. ಅವನು ಹಗ್ಗದ ಬಳಿ ನಿಂತು ಹತ್ತು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದ, "ಇದೇ ಕೋಟು! ಹಿಮ ಬಿದ್ದ ವರ್ಷ ಕವಿಗಳು ಇದನ್ನೇ ಹಾಕ್ಕೊಂಡು ನಮ್ಮಂಗಡಿಗೆ ಬಂದಿದ್ರು. ಬಾಗಿಲಲ್ಲಿ ನಿಂತು ಕೊಡವಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."

ಟೀ ಹಂಚುವ ನೋರೀನ್ ಸುಮ್ಮನಿದ್ದಾಳೆಯೇ? "ಆ ಬಲಗಡೆ ಜೇಬಿಂದಲೇ ನಂಗೆ ಪೆಪ್ಪರ್‌ಮಿಂಟ್ ಕೊಡ್ತಿದ್ರು, ಪಾಪ."

ಜಾರ್ಲತ್ ಪ್ಯಾಕಿಯನ್ನು ಮೂಲೆಗೆ ಎಳೆದ. "ಪ್ಯಾಕಿ, ಇವತ್ತು ಬೆಳಿಗ್ಗೆ ಪೂಜೆಯಲ್ಲಿ ನನ್ನ ಪಕ್ಕ ಕೂತಿದ್ದೆ. ನಾನೇನು ಹಾಕ್ಕೊಂಡಿದ್ದೆ?"

"ಕೋಟು."

"ಯಾವ ಕೋಟು?"

ಪ್ಯಾಕಿ ಗೋಡೆ ನೋಡಿದ, ಜಾರ್ಲತ್‌ನನ್ನು ನೋಡಿದ, ನಿಟ್ಟುಸಿರುಬಿಟ್ಟ. "ನೋಡಯ್ಯ, ಕಣ್ಣಲ್ಲಿ ಕಂಡದ್ದು ಬೇರೆ, ನೆನಪಲ್ಲಿರೋದು ಬೇರೆ. ಪತ್ರಿಕೆಯವನು ನನ್ನ ಹೆಸರು ಬರ್ಕೊಂಡುಹೋಗಿದ್ದಾನೆ. ಈಗ ನನ್ನ ಸುಳ್ಳುಗಾರನ್ನ ಮಾಡ್ತೀಯಾ? ನಿಮ್ಮಪ್ಪನ್ನ ಪೆಟ್ಟಿಗೆಗೆ ಹಾಕಿದ್ದು ಯಾರು?"

ಹೊರಗೆ ಬಸ್ಸು ಒಮ್ಮೆ ಹಾರನ್ ಹೊಡೆಯಿತು.

ಭಾಷಣ ಕೇಳಲು ಜನ ವೇದಿಕೆಯ ಕಡೆ ತಿರುಗಿದ್ದ ಹೊತ್ತು ನೋಡಿ ಅವನು ಹಗ್ಗದಡಿ ತೂರಿ ಒಳಗೆ ಹೋದ. ಕೈ ಇನ್ನೂ ಕೋಟಿಗೆ ತಾಗಿರಲಿಲ್ಲ, ಫುಟ್‌ಬಾಲ್ ಗದ್ದಲದಿಂದ ತಪ್ಪಿಸಿಕೊಂಡು ಡಬ್ಲಿನ್‌ನಿಂದ ಬಂದಿದ್ದ ಗಂಡ ಹೆಂಡತಿ ಎದುರಿಗೇ ಪ್ರತ್ಯಕ್ಷರಾದರು. ಜಾರ್ಲತ್ ದಿಕ್ಕು ತೋಚದೆ ಕವಿಯ ಮಂಚದ ಮೇಲೆ ಕೂತುಬಿಟ್ಟ.

"ನೋಡ್ರೀ, ಗೊಂಬೆ!" ಎಂದಳು ಹೆಂಡತಿ.

"ಉಸಿರಾಡ್ತಿದೆ ಕಣೇ. ಕವಿಯ ವೇಷ ಹಾಕಿ ಕೂರಿಸಿದ್ದಾರೆ. ಏನ್ರೀ, ಒಂದು ಪದ್ಯ ಹೇಳ್ತೀರಾ?"

ಜಾರ್ಲತ್‌ಗೆ ಬಾಯಿಪಾಠ ಇದ್ದದ್ದು ಒಂದೇ, ಹಾಲಿನ ಲಾರಿಯ ಬೆನ್ನಿಗೆ ಅಂಟಿಸಿದ ಸೂಚನೆ. "ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಒಳ್ಳೆಯ ಹಾಲಿನ ಜೊತೆ ಬೆರೆಸಬಾರದು," ಎಂದ. "ಬೆರೆಸಿದರೆ ಎಲ್ಲವೂ ಕೆಡುತ್ತದೆ."

ಹೆಂಡತಿ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. "ಎಷ್ಟು ಸರಳ!" ಎಂದಳು. "ದೇಶದ ಬಗ್ಗೆ ಹೇಳ್ತಿದ್ದಾರೆ," ಎಂದು ಗಂಡ ವಿವರಿಸಿದ.

ಅವರು ಅತ್ತ ಸರಿದದ್ದೇ ತಡ, ಜಾರ್ಲತ್ ಎದ್ದು ಕೋಟಿನ ಒಳಜೇಬಿಗೆ ಕೈ ಹಾಕಿದ. ಬೆರಳಿಗೆ ಟಿಕೆಟ್ಟಿನ ಅಂಚು ಸಿಕ್ಕಿತು. ಅದೇ ಕ್ಷಣಕ್ಕೆ ಬೆನ್ನ ಹಿಂದೆ ಒಂದು ದನಿ ಸಿಡಿಯಿತು. ನಲವತ್ತು ವರ್ಷದ ಹಿಂದೆ ಅದೇ ದನಿಗೆ ಅವನು ಬಳಪ ನುಂಗಿದ್ದ.

"ಜಾರ್ಲತ್ ಮಕ್‌ಗೌರನ್! ಸತ್ತವರ ಜೇಬಿಗೆ ಕೈ!"

ಕೌನ್ಸಿಲರ ಭಾಷಣ ನಿಂತಿತು. ಊರೆಲ್ಲ ಇತ್ತ ತಿರುಗಿತು. ಇನ್ನು ಮಾನ ಉಳಿಸಿಕೊಂಡು ಪ್ರಯೋಜನವಿಲ್ಲ ಎನಿಸಿ ಜಾರ್ಲತ್ ಕೂಗಿಯೇಬಿಟ್ಟ.

"ಇದು ನನ್ನ ಕೋಟು! ನಮ್ಮಪ್ಪಂದು! ಮೂವತ್ತು ವರ್ಷ ಊರಿನ ಒಂದು ಸಾವನ್ನೂ ಬಿಡದೆ ಇದನ್ನೇ ಹಾಕ್ಕೊಂಡು ಬಂದಿದ್ದಾನೆ! ನಿಮ್ಮೆಲ್ಲರ ಮನೆಗೂ ಬಂದಿದ್ದಾನೆ! ಒಬ್ಬರಾದ್ರೂ ಹೌದು ಅನ್ನಿ!"

ಪ್ಯಾಕಿ ಸೂರು ನೋಡಿದ. ನೋರೀನ್ ಟೀ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದಳು.

ಆಗ ವೇದಿಕೆಯ ಮೇಲಿಂದ ಊರುಗೋಲಿನ ಸದ್ದು ಬಂತು. ಕವಿಯ ತಂಗಿ ಡೆಲಿಯಾ ಡೆವಾನಿ ಇಳಿದು ಬರುತ್ತಿದ್ದಳು. ಎಂಬತ್ತು ದಾಟಿದ ಮುದುಕಿ. ತಾಯಿ ಸತ್ತ ವರ್ಷವೇ ಬಾಸ್ಟನ್ನಿಗೆ ಹೋದವಳು, ಈ ಪ್ರದರ್ಶನಕ್ಕೆಂದೇ ಮೊದಲ ಸಲ ಊರಿಗೆ ಬಂದಿದ್ದಳು. ಕೋಟನ್ನು ಇಳಿಸಿ ಕೊಡುವಂತೆ ಕೈ ಚಾಚಿದಳು. ಕಾಲರಿನ ಮಡಿಕೆ ತಿರುವಿ, ಒಳಗೆ ಕೆಂಪು ದಾರದಲ್ಲಿ ಹೊಲಿದ ಎರಡು ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು. ಜಾರ್ಲತ್ ಆ ಅಕ್ಷರಗಳನ್ನು ಕಂಡಿದ್ದ. ಹೊಲಿದ ದರ್ಜಿಯ ಗುರುತು ಎಂದುಕೊಂಡಿದ್ದ.

"ಈ ಎರಡಕ್ಷರ ನಮ್ಮಣ್ಣನ ಹೆಸರಿಂದು, ನಾನೇ ಹೊಲಿದದ್ದು," ಎಂದಳು ಮುದುಕಿ. "ಇದು ನಮ್ಮಣ್ಣನ ಕೋಟೇ."

ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಅಟ್ರಾಕ್ಟಾ ಟೀಚರು.

"ನಮ್ಮಮ್ಮನ ಹೆಣ ಕಾಯ್ತಿದ್ದ ರಾತ್ರಿ," ಎಂದು ಮುದುಕಿ ಮುಂದುವರಿಸಿದಳು. "ಬಂದೋರ ಕೋಟೆಲ್ಲ ಒಳಮನೆ ಮಂಚದ ಮೇಲೆ ರಾಶಿ ಹಾಕಿದ್ವಿ. ಎಲ್ಲ ಒಂದೇ ಕರಿ ಬಣ್ಣ. ಬೆಳಗಾಗೋ ಹೊತ್ತಿಗೆ ಕುಡಿದೋರು ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೋದ್ರು. ಅಣ್ಣನಿಗೆ ಉಳಿದದ್ದು ಯಾರದೋ ಗಿಡ್ಡ ತೋಳಿಂದು. ಮೊಣಕೈಗೆ ಬರ್ತಿತ್ತು. ಸಾಯೋ ತನಕ ಅದನ್ನೇ ಹಾಕ್ದ, ಪಾಪ. ಅವನಿಗೆ ಸದಾ ಶೀತ ಅದಕ್ಕೇ."

ಜಾರ್ಲತ್‌ನ ಅಪ್ಪ ಗಿಡ್ಡ ಆಳು. ಈ ಕೋಟಿನ ತೋಳನ್ನು ಬದುಕಿಡೀ ಮಡಿಚಿಕೊಂಡೇ ಹಾಕುತ್ತಿದ್ದ. ಬೆಳೆಯುವ ಮಕ್ಕಳಿಗೆ ಹೊಲಿಸುವಂತೆ ತನಗೂ ಹೊಲಿಸಿಕೊಂಡಿದ್ದಾನೆ ಎಂದು ಮನೆಯವರು ತಿಳಿದಿದ್ದರು.

"ನಾನು ಹೇಳ್ಲಿಲ್ವಾ?" ಪ್ಯಾಕಿ ಎದೆಯುಬ್ಬಿಸಿ ಸುತ್ತ ನೋಡಿದ. "ಇದೇ ಕೋಟು ಅಂತ?"

"ಅಣ್ಣ ಇದನ್ನ ಹಾಕಿದ್ದು ಒಂದೇ ದಿನ," ಎಂದಳು ಮುದುಕಿ. "ಹೊಸದು."

"ಆ ದಿನವೇ ನಾನು ನೋಡಿದ್ದು," ಎಂದ ಪ್ಯಾಕಿ.

ಮುದುಕಿ ಕೆಟ್ಟವಳಲ್ಲ. ಜಾರ್ಲತ್‌ನ ಮುಖ ನೋಡಿ ಒಳಜೇಬಿಗೆ ಕೈ ಹಾಕಿ, ಟಿಕೆಟ್ಟು ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೋಪ್ಪ, ಇದು ನಿಂದಿರಬೇಕು. ಏನಿದು?"

"ಫೈನಲ್ ಟಿಕೆಟ್ಟು ಅಮ್ಮಾ. ಇವತ್ತಿಂದು. ನಮ್ಮ ಜಿಲ್ಲೆ ಆಡ್ತಿದೆ."

"ನಮ್ಮ ಜಿಲ್ಲೆ? ಫೈನಲ್ಲಲ್ಲಿ?" ಮುದುಕಿ ಟಿಕೆಟ್ಟಿನ ಮೇಲೆ ಬಗ್ಗಿದಳು. "ನಮ್ಮಪ್ಪ ಯಾವಾಗ್ಲೂ ಹೇಳೋರು, ಅದೊಂದು ನೋಡಿ ಕಣ್ಮುಚ್ಚಬೇಕು ಅಂತ. ನೋಡದೇ ಮುಚ್ಚಿದ್ರು."

ಊರೆಲ್ಲ ಜಾರ್ಲತ್‌ನನ್ನು ನೋಡಿತು. ನಲವತ್ತು ವರ್ಷ ಆ ಮನೆಯ ಕೋಟು ಹೊದ್ದ ಮನೆತನ ಅವನದು. ಇಂಥ ಹೊತ್ತಿನಲ್ಲಿ ಒಂದು ಉಪಚಾರದ ಮಾತಾಡದೆ ಹೊರಟರೆ ಸತ್ತ ಅಪ್ಪನೂ ಕ್ಷಮಿಸುವುದಿಲ್ಲ. ಉಪಚಾರದ ಮಾತಿಗೆ ಖರ್ಚೂ ಇಲ್ಲ. ಡ್ರಮ್‌ಕೀಲಿಯಲ್ಲಿ ಏನನ್ನಾದರೂ ಕೊಡುತ್ತೇನೆ ಎಂದರೆ, ಅದು ಒಂದು ತುಂಡು ಬ್ರೆಡ್ಡಾದರೂ ಸರಿ, ಮೊದಲ ಸಲ "ಅಯ್ಯೋ ಬೇಡ" ಎನ್ನಬೇಕು, ಎರಡನೆಯ ಸಲ "ಖಂಡಿತ ಬೇಡ" ಎನ್ನಬೇಕು. ಮೂರನೆಯ ಸಲ ಕೇಳುವುದು ಬಿಡುವುದು ಕೊಡುವವನ ಇಷ್ಟ. ಮೂರನೆಯ ಸಲ ಕೇಳುವ ಯೋಚನೆ ಜಾರ್ಲತ್‌ಗೆ ಇರಲಿಲ್ಲ.

"ಹಾಗಾದ್ರೆ ಈ ಟಿಕೆಟ್ಟಲ್ಲಿ ನೀವೇ ಹೋಗಿಬನ್ನಿ ಅಮ್ಮಾ," ಎಂದ.

ನಲವತ್ತು ವರ್ಷ ಅಮೆರಿಕದಲ್ಲಿದ್ದು ಮುದುಕಿಗೆ ಏನೇನು ಮರೆತಿತ್ತೋ.

"ಥ್ಯಾಂಕ್ಸ್ ಕಣಪ್ಪ," ಎಂದಳು. ಟಿಕೆಟ್ಟು ತೆಗೆದುಕೊಂಡಳು.

ನೋರೀನ್‌ಳ ಕೈಯಿಂದ ಬಸಿ ಬಿತ್ತು. ಜಾರ್ಲತ್ ಏನೋ ಹೇಳಲು ಬಾಯಿ ತೆರೆದ. ಇಂಥದ್ದಕ್ಕೆ ಅವನ ಅಪ್ಪನಾಗಲಿ ಅಜ್ಜನಾಗಲಿ ಒಂದು ಮಾತನ್ನೂ ಕಲಿಸಿಟ್ಟಿರಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ಮುದುಕಿ ಅಣ್ಣನ ಕೋಟನ್ನು ತೊಟ್ಟುಕೊಂಡು, ಪ್ಯಾಕಿಯ ತೋಳು ಹಿಡಿದು ಬಸ್ಸು ಹತ್ತಿದಳು. ಕಿಟಕಿಯಿಂದ ಎಲ್ಲರಿಗೂ ಕೈ ಬೀಸಿದಳು. ಬಸ್ಸು ಹೊರಟಿತು.

ಜಾರ್ಲತ್ ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯ ಮೇಲೆ ಕೂತ. ಮಂಡಿಯ ಮೇಲೆ ಎರಡು ಕೈ, ನೆಲದ ಮೇಲೆ ಕಣ್ಣು.

ಸಾವಿನ ಮನೆಯಲ್ಲಿ ಸತ್ತವರ ಮಗ ಗೋಡೆಯ ಪಕ್ಕ ಕೂರುವುದು ಹೀಗೇ. ಹಾಗೆ ಕೂತವನು ಕಂಡರೆ ಆ ಊರಿನವರು ಕೈ ಕುಲುಕದೆ ಮುಂದೆ ಹೋಗುವುದಿಲ್ಲ. ಅಭ್ಯಾಸಬಲ. ಮೊದಲು ಬಂದವನು ಪ್ಯಾಕಿ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಜಾರ್ಲತ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

"ನಿನ್ನ ಕಷ್ಟಕ್ಕೆ ನಂಗೆ ದುಃಖವಾಯ್ತು ಜಾರ್ಲತ್," ಎಂದ.

ಹಿಂದೆಯೇ ನೋರೀನ್. ಅವಳ ಹಿಂದೆ ಅಟ್ರಾಕ್ಟಾ ಟೀಚರು, ತಲೆ ಸವರಿ, "ಧೈರ್ಯವಾಗಿರು," ಎಂದರು. ಕೌನ್ಸಿಲರು ಎಲ್ಲಿ ಸಾಲು ಕಂಡರೂ ನಿಲ್ಲುವವರಾದ್ದರಿಂದ ಅವರೂ ನಿಂತರು. ಸಾಲು ಕವಿಯ ಪುಸ್ತಕಗಳನ್ನು ದಾಟಿ, ಟೀ ಮೇಜನ್ನು ಸುತ್ತಿ, ಬಾಗಿಲ ಹೊರಗೆ ಮಳೆಯವರೆಗೂ ಹೋಯಿತು. ಡಬ್ಲಿನ್‌ನ ಗಂಡ ಹೆಂಡತಿ ಸಾಲಿನ ಕೊನೆಗೆ ನಿಂತು, ಮುಂದಿದ್ದವನನ್ನು ಮೆಲ್ಲಗೆ ಕೇಳಿದರು.

"ಅವರು ಕವಿಗಳಿಗೆ ತೀರಾ ಹತ್ತಿರದವರಾ?"

"ಕವಿಗಳು ಅವನ ಮೈಗಂಟಿದ ಕೋಟಿನ ಹಾಗಿದ್ರು," ಎಂದ ಆತ.

ಅವರ ಸರದಿ ಬಂದಾಗ ಹೆಂಡತಿಯ ಕಣ್ಣು ಮತ್ತೆ ತುಂಬಿಬಂತು. ಜಾರ್ಲತ್ ತಲೆ ಎತ್ತಲಿಲ್ಲ. ಎಲ್ಲರಿಗೂ ಹೇಳಿದ್ದನ್ನೇ ಅವಳಿಗೂ ಹೇಳಿದ.

"ಬಂದ್ರಲ್ಲ ತಾಯಿ, ಅದೇ ದೊಡ್ಡದು."